ಸದ್ದು ತೆಗೆದ ಹಾಡು

ನನ್ನ ಗಂಡ ಧರ್ಮೇಶ್ ಅತ್ತಿಗುಂಡಿಯ ಒಂದು ಹೋಂಸ್ಟೇಯಲ್ಲಿ ಮ್ಯಾನೇಜರ್. ಶನಿವಾರ ಬರುವ ಪ್ರವಾಸಿಗರಿಗೆ ಬೆಂಕಿ ಹಾಕಿಕೊಟ್ಟು, ಬ್ಲೂಟೂತ್ ಸ್ಪೀಕರಿನ ಗುಂಡಿ ಒತ್ತುವುದೂ ಅವರ ಕೆಲಸದಲ್ಲಿ ಸೇರಿದೆ. ಆರು ವರ್ಷ ಆ ಗುಂಡಿ ಒತ್ತಿದ ಮೇಲೆ, ತಾನೊಬ್ಬ ಸೌಂಡ್ ಇಂಜಿನಿಯರ್ ಎಂಬ ತೀರ್ಮಾನಕ್ಕೆ ಬಂದಿದ್ದರು. ಮನೆಯಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಅತ್ತೆಯ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸುವವರೆಗೆ ಅದರಿಂದ ಯಾರಿಗೂ ನಷ್ಟವೂ ಇರಲಿಲ್ಲ.

ಅತ್ತೆ ರಾಮಮ್ಮ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತೊಂದು ವರ್ಷ ಕಾಳು ಆರಿಸಿದವರು. ಸಾಲಾಗಿ ಕೂತ ಹೆಂಗಸರು ಮೊರದಲ್ಲಿ ಕಾಫಿ ಬೀಜ ಹರಡಿಕೊಂಡು, ಕಪ್ಪು ಕಾಳು, ಒಡಕು ಕಾಳು ಹೆಕ್ಕಿ ತಗಡಿನ ಡಬ್ಬಕ್ಕೆ ಎಸೆಯುತ್ತಾ ಹಾಡು ಕಟ್ಟುತ್ತಿದ್ದರು. ಮೇಸ್ತ್ರಿಯ ಮೀಸೆ, ಲೆಕ್ಕ ಬರೆಯುವ ರೈಟರನ ಹೊಸ ಚಪ್ಪಲಿ, ಕುಡಿದು ಬರುವ ಗಂಡಂದಿರು, ಯಾರನ್ನೂ ಬಿಟ್ಟಿರಲಿಲ್ಲ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ, ಅದಕ್ಕೆ ಹಾಡು ಬರುವುದಿಲ್ಲ. ಒಂಬತ್ತು ಹಾಡು ಪೂರ್ತಿ ಗೊತ್ತಿರುವುದು ಅತ್ತೆ ಒಬ್ಬರಿಗೇ. ಇಪ್ಪತ್ತೈದು ದಿನ ಬಿಟ್ಟು ಆಪರೇಷನ್ ಗೊತ್ತು ಮಾಡಿದ ಡಾಕ್ಟರು, ದನಿಯ ನರ ಗಡ್ಡೆಗೆ ಅಂಟಿಕೊಂಡಿದೆ, ಆಮೇಲೆ ದನಿ ಹೀಗೇ ಇರುತ್ತದೆ ಎಂದು ಹೇಳಲಾರೆ ಎಂದರು.

ಹಾಡುಗಳನ್ನು ಇವತ್ತೇ ಫೋನಿನಲ್ಲಿ ಹಿಡಿದಿಡೋಣ ಎಂದೆ. ಕಾಫಿ ಸೋಸಲು ನೆಲ ಒರೆಸುವ ಬಟ್ಟೆ ಕೊಟ್ಟವಳನ್ನು ನೋಡುವಂತೆ ಇವರು ನನ್ನನ್ನು ನೋಡಿದರು. ಇದಕ್ಕೆ ಕಂಡೆನ್ಸರ್ ಮೈಕೇ ಬೇಕು, ಸ್ಟುಡಿಯೋದಲ್ಲಿ ಇಡುವಂಥದ್ದು, ಆದರೆ ನಮ್ಮ ಕೈಗೆಟಕುವ ಬೆಲೆಯದ್ದು ಎಂದರು. ಮಗ ತರ್ತಾನೆ ಎಂದು ಅತ್ತೆಯೂ ಹೆಮ್ಮೆಯಿಂದ ಕಾದರು. ನಾನೂ ಸುಮ್ಮನಾದೆ. ಅದು ನನ್ನ ತಪ್ಪು.

ಆಯ್ಕೆ ಶುರುವಾಯಿತು. ಅತ್ತಿಗುಂಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಮೈಕಿನ ವಿಮರ್ಶೆಯ ವಿಡಿಯೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಹನ್ನೊಂದು ದಿನ ಊಟದ ತಟ್ಟೆಯ ಎದುರು ಗಡ್ಡದ ವಿದೇಶಿಯರು ಹಲೋ ಹಲೋ ಎನ್ನುತ್ತಿದ್ದರು. ಒಂದು ಮೈಕ್ ಎದುರಿನ ಮಾತನ್ನು ಮಾತ್ರ ಹಿಡಿಯುತ್ತದೆ, ಹಿಂದಿನದನ್ನು ಬಿಡುತ್ತದೆ ಎಂದು ಇವರು ಹೊಗಳಿದರು. ಎದುರು ನಿಂತು ಹೇಳಿದ್ದನ್ನೂ ಹಿಡಿಯದ ಮಾದರಿಯೊಂದು ನಮ್ಮ ಮನೆಯಲ್ಲೇ ಇತ್ತು. ಇನ್ನೊಂದು ಅಗ್ಗ, ಆದರೆ ಅದರೊಳಗೇ ಸಣ್ಣ ಗುಂಯ್ ಸದ್ದಿದೆಯಂತೆ. ಹಾಗೆಂದು ಅದನ್ನು ಬಿಟ್ಟರು.

ಕೊನೆಗೊಂದು ಮೈಕ್ ಬಂತು. ಕಪ್ಪಗೆ, ದಪ್ಪಗೆ, ಚೆಂದವಾಗಿತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸಲು ಹೋದರೆ ಅದರ ತೂತೇ ಬೇರೆ. ಅದಕ್ಕೆ ನಲವತ್ತೆಂಟು ವೋಲ್ಟ್ ಕೊಡುವ ಬೇರೊಂದು ಪೆಟ್ಟಿಗೆ ಬೇಕಂತೆ. ಎಲ್ಲ ವಿಡಿಯೋಗಳಲ್ಲೂ ಮೊದಲ ನಿಮಿಷದಲ್ಲೇ ಹೇಳಿದ್ದರು. ಇವರು ಮೊದಲ ನಿಮಿಷವನ್ನು ದಾಟಿಸಿ ನೋಡುತ್ತಿದ್ದರು.

ಪೆಟ್ಟಿಗೆ ಬರುವ ಹೊತ್ತಿಗೆ ಆಪರೇಷನ್ನಿಗೆ ಮೂರು ದಿನ ಉಳಿದಿತ್ತು. ಇವರು ಒಳಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದರು. ಫ್ಯಾನ್ ನಿಂತಿತು, ಫ್ರಿಜ್ ನಿಂತಿತು, ಮೈಕಿಗೆ ತೊಂದರೆಯೆಂದು ಫೋನುಗಳೂ ಆರಿದವು. ಉಸಿರಾಡುವುದಕ್ಕೆ ಮಾತ್ರ ಅನುಮತಿ ಇತ್ತು. ತಲೆಗೆ ಹೆಡ್‌ಫೋನ್ ಹಾಕಿಸಿಕೊಂಡ ಅತ್ತೆ ಮೈಕಿನ ಎದುರು ಕೂತು ಬಾಯಿ ತೆರೆದರು. ಏನೂ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಮೊದಲ ಸಾಲೇ ಮರೆತಿತ್ತು.

ತಮ್ಮ ಕೈಗಳನ್ನೇ ನೋಡುತ್ತಾ ಅತ್ತೆ ಹೇಳಿದರು: "ಕೈ ಸುಮ್ನೆ ಕೂತ್ರೆ ಬಾಯಿಗೆ ಹೆಂಗೆ ಬರತ್ತೆ ಮಾರಾಯ. ಮೊರ ಕೊಡು."

ಕಾಳಿನ ಸದ್ದು ಸೇರಿಕೊಳ್ಳುತ್ತದೆ ಎಂದು ಇವರು ಒಪ್ಪಲಿಲ್ಲ. ಒಂದು ಗಂಟೆ ಹಾಗೇ ಹೋಯಿತು. ಆಮೇಲೆ, ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮೊರ ತಂದಿಟ್ಟರು. ಅತ್ತೆಯ ಬೆರಳು ಬೀಜದ ಮೇಲೆ ಓಡಿತು, ದನಿ ಅದರ ಹಿಂದೆಯೇ ಬಂತು. ಪ್ರತಿ ಸಾಲಿನ ಕೊನೆಗೆ ಸರಿಯಾಗಿ ಒಂದು ಕಪ್ಪು ಕಾಳು ಡಬ್ಬಕ್ಕೆ ಬಿದ್ದು ಟಿಣ್ ಎನ್ನುತ್ತಿತ್ತು. ಒಂಬತ್ತು ಹಾಡೂ ಒಂದೇ ಓಟದಲ್ಲಿ ಮುಗಿದವು. ನಾನು ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿದ್ದೇನೆ, ಅತ್ತೆ ಅಷ್ಟು ಸಂತೋಷವಾಗಿದ್ದನ್ನು ನೋಡಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಹೋಯಿತು, ಡಾಕ್ಟರು ಹೆದರಿದಂತೆ ದನಿಯೂ ಹೋಯಿತು. ಉಳಿದದ್ದು ಪಿಸುಮಾತು. ಅತ್ತೆಯನ್ನು ಮನೆಗೆ ಕರೆತಂದು ವಾರವಾದ ಮೇಲೆ ಇವರು ಅವರ ತಲೆಗೆ ಮತ್ತೆ ಹೆಡ್‌ಫೋನ್ ಹಾಕಿ, ಎರಡು ವಾರ ಕೂತು ಶುದ್ಧ ಮಾಡಿದ್ದೇನೆ ಎಂದು ಗುಂಡಿ ಒತ್ತಿದರು. ಅತ್ತೆ ಎರಡು ಹಾಡು ಕೇಳಿದರು.

ಆಮೇಲೆ ಪಿಸುದನಿಯಲ್ಲಿ ಕೇಳಿದರು: "ಇವಳು ಯಾರೋ? ಕೆಲ್ಸ ಇಲ್ದೆ ಕೂತು ಹಾಡ್ತಾ ಇದಾಳಲ್ಲ."

ನಾನೂ ಕೇಳಿದೆ. ಕಾಳು ಒಂದೂ ಇರಲಿಲ್ಲ. ಕಾಳಿನ ಜೊತೆ ಪ್ರತಿ ಸಾಲಿನ ತುದಿಯೂ ಒಂದಿಷ್ಟು ಕತ್ತರಿಸಿ ಹೋಗಿತ್ತು. ಮೊದಲಿನದನ್ನು ಹಾಕಿ ಎಂದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಇವರು ಅದನ್ನು ಅಳಿಸಿದ್ದರು. ಮೈಕಿನ ವಿಡಿಯೋಗಳು ಮಾತ್ರ ಎಲ್ಲವೂ ಭದ್ರವಾಗಿದ್ದವು.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಬೈಯುವ ಬದಲು ಒಳಗೆ ಹೋಗಿ ಮೊರ, ಡಬ್ಬ ತಂದು ಇವರ ಎದುರು ಇಟ್ಟೆ. ಹೆಡ್‌ಫೋನ್ ಕಿತ್ತು, ಆ ಪ್ರಸಿದ್ಧ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿ, ಆರಿಸಿ ಎಂದೆ. ಸೌಂಡ್ ಇಂಜಿನಿಯರ್ ಕಾಳು ಹೆಕ್ಕಿದರು. ಮೊದಲನೆಯದು ತಡವಾಗಿ ಬಿತ್ತು, ಎರಡನೆಯದು ಮೊದಲೇ ಬಿತ್ತು. ಅತ್ತೆ ಹತ್ತಿರ ಸರಿದು ಮಗನ ಮಣಿಕಟ್ಟು ಹಿಡಿದರು, ಸಾಲು ಮುಗಿಯುವಾಗ ಸಡಿಲ ಬಿಟ್ಟರು. ಟಿಣ್.

ಮೈಕಿಗೆ ತೇವ ತಾಗಬಾರದಂತೆ, ಅಕ್ಕಿ ಡಬ್ಬದಲ್ಲಿ ಮಲಗಿದೆ. ಇವರು ರಜೆಯ ದಿನವೆಲ್ಲ ಕಾಳು ಆರಿಸುತ್ತಾರೆ. ತಾಳ ಇನ್ನೂ ಕೂಡಿಲ್ಲ. ಅತ್ತೆ ಮಣಿಕಟ್ಟು ಬಿಟ್ಟಿಲ್ಲ.