ಕರಿಯ ಹಾಕಿದ ದಾರಿ

"ದಾರಿ ತಪ್ಪಿಲ್ಲ ಅಮ್ಮ. ನಿಮ್ಮ ಅಡುಗೆಮನೆ ಮೇಲೇ ಹೋಗ್ಬೇಕು ಅಂತ ತೋರಿಸ್ತಿದೆ ಇದು."

ಹೀಗೆಂದವನು ಹೆಗಲ ಮೇಲೆ ಸೈಕಲ್ಲು ಹೊತ್ತುಕೊಂಡು ಹನುಮಂತಮ್ಮನ ನಡುಮನೆಯಲ್ಲಿ ನಿಂತಿದ್ದ. ತಲೆಗೆ ಹೆಲ್ಮೆಟ್ಟು, ತೋಳಿನ ತುಂಬ ಮುಳ್ಳು ಗೀರಿದ ಗೆರೆ, ಮೊಣಕಾಲಿಗೆ ಮೆತ್ತಿದ ಕೆಮ್ಮಣ್ಣು. ಅವನ ಹಿಂದೆ ಬಾಗಿಲ ತನಕ, ಬಾಗಿಲು ದಾಟಿ ಬೀದಿಯ ತನಕ, ಅದೇ ವೇಷದ ಹತ್ತಾರು ಜನ ಸೈಕಲ್ಲು ಹೊತ್ತು ರೇಷನ್ ಅಂಗಡಿ ಮುಂದಿನವರ ಹಾಗೆ ಸಾಲಾಗಿ ನಿಂತಿದ್ದರು.

ಹನುಮಂತಮ್ಮ ನೋಯುವ ಕಾಲನ್ನು ಮುಂದಕ್ಕೆ ಚಾಚಿ ಕೂತು, ಈಳಿಗೆಮಣೆಯಲ್ಲಿ ಮಸಾಲೆಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಯಾವೂರಪ್ಪ ನಿಂದು?"

"ಬೆಂಗಳೂರು ಅಮ್ಮ. ಜ್ಞಾನೇಶ್ ಅಂತ."

"ಬೆಂಗ್ಳೂರಲ್ಲಿ ಹಿಂಗೇನಾ, ಕಂಡೋರ ಮನೆ ಒಳಗಿಂದ್ಲೇ ಓಡಾಡೋದು?"

ಜ್ಞಾನೇಶ್ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಬೆಂಕಿಪೊಟ್ಟಣದಷ್ಟು ಯಂತ್ರವನ್ನು ಬಗ್ಗಿಸಿ ತೋರಿಸಿದ. ಅದರಲ್ಲೊಂದು ನೀಲಿ ಗೆರೆ. ಗೆರೆ ಮುಂಬಾಗಿಲಲ್ಲಿ ಒಳಗೆ ಬಂದು, ನಡುಮನೆ ದಾಟಿ, ಅಡುಗೆಮನೆಯ ಮೂಲೆಗೆ ಹೋಗಿ, ಅಲ್ಲಿಂದ ಹಿತ್ತಿಲಿಗೆ ಇಳಿದಿತ್ತು. ಇವರದೊಂದು ಕೂಟವಂತೆ. ಡಾಂಬರು ಕಂಡರಾಗದು, ಜಲ್ಲಿ, ಮಣ್ಣು, ಕಾಲುದಾರಿ ಇದ್ದರೆ ಮಾತ್ರ ತುಳಿಯುವುದು. ಗೆರೆ ಬಿಟ್ಟು ಒಂದು ಮಾರು ಆಚೀಚೆಯಾದರೂ ಆ ದಿನದ ಸವಾರಿ ಲೆಕ್ಕಕ್ಕಿಲ್ಲ ಎಂಬುದು ಅವರ ಕಟ್ಟಳೆ.

"ಈ ದಾರಿ ಹಾಕಿದವರು ಸಾಮಾನ್ಯರಲ್ಲ ಅಮ್ಮ," ಎಂದ ಜ್ಞಾನೇಶ್. "ಕಂದಿಕೆರೆ ಗುಡ್ಡದಲ್ಲಿ ಬೇರೆಯವರಾಗಿದ್ರೆ ಕಣಿವೇಲಿ ಕರ್ಕೊಂಡು ಹೋಗ್ತಿದ್ರು. ಇವರು ಬಂಡೆ ಹತ್ತಿಸಿದ್ರು. ತುದೀಲಿ ಅರ್ಧ ಗಂಟೆ ನಿಲ್ಲಿಸಿದ್ರು. ಯಾಕೆ ಅಂತ ಮೊದ್ಲು ಗೊತ್ತಾಗ್ಲಿಲ್ಲ. ಆಮೇಲೆ ಹೊಳೀತು. ಸುಮ್ನೆ ನಿಲ್ಲೋದನ್ನೇ ನಾವು ಮರೆತುಬಿಟ್ಟಿದ್ವಿ."

"ಆ ಲಾಂಟಾನ ಪೊದೆ ಇತ್ತಲ್ಲ," ಎಂದಳು ಹಿಂದಿನ ಹುಡುಗಿ, "ನಾಲ್ಕು ಕಾಲಲ್ಲಿ ತೂರ್ಕೊಂಡು ಬಂದ್ವಿ. ನನ್ನ ಅಹಂಕಾರ ಎಲ್ಲ ಅಲ್ಲೇ ಉಳೀತು."

"ಯಾರಪ್ಪ ಅಂಥಾ ದೊಡ್ಡ ಮನುಷ್ಯ?"

"ಬೀರಲಿಂಗಯ್ಯ ಅಂತ. ಇಲ್ಲಿ ತೋಟದಲ್ಲಿ ನಮ್ಮಂಥೋರಿಗೆ ಊಟ ತಿಂಡಿ ನೋಡ್ಕೋತಾರಲ್ಲ ಯೋಗಿತಾ, ಅವರು ಇಂಥದೇ ಯಂತ್ರ ಕೊಟ್ಟು ಬೀರಲಿಂಗಯ್ಯನವರ ಕೈಲೇ ದಾರಿ ಹಾಕ್ಸಿದ್ರು. ಅವರಿಗೆ ಅಂತ ಒಂದು ಶಾಲು ತಂದಿದೀವಿ."

ಗಂಡನ ಹೆಸರು ಕಿವಿಗೆ ಬಿದ್ದದ್ದೇ ಈಳಿಗೆಯ ಮೇಲಿನ ಕೈ ನಿಂತಿತು. ಹನುಮಂತಮ್ಮ ಹಿತ್ತಿಲ ಕಡೆ ತಿರುಗಿ, "ಬಾ ಇಲ್ಲಿ. ನಿಂಗೆ ಶಾಲು ಹೊದಿಸ್ತಾರಂತೆ," ಎಂದು ಕರೆದಳು.

ಬೀರಲಿಂಗಯ್ಯ ಶಾಲು ಹೊದೆಯುವ ಸ್ಥಿತಿಯಲ್ಲಿರಲಿಲ್ಲ. ಬೆಳಗಿನಿಂದ ಏನೂ ತಿನ್ನದೆ ಹಿತ್ತಿಲ ತೆಂಗಿನ ಮರದ ಬುಡದಲ್ಲಿ, ಅಲ್ಲಿ ಕಟ್ಟಿದ್ದ ಕರಿಯನ ಪಕ್ಕ ಕೂತಿದ್ದ. ಕರಿಯನೆಂದರೆ ಅವನ ಮೇಕೆ ಹಿಂಡಿನ ಮುಂದಾಳು, ಹೋತ. ಹಿಂದೊಮ್ಮೆ ಹನುಮಂತಮ್ಮನ ಮಂಡಿ ಹಿಡಿದುಕೊಂಡಾಗ ಊರಮ್ಮನಿಗೆ ಒಂದು ಕರೀ ಹೋತ ಕೊಡುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಮಂಡಿ ಬಿಟ್ಟಿತು. ಆದರೆ ಬೀರಲಿಂಗಯ್ಯ ಕರಿಯನನ್ನು ಬಿಡಲಿಲ್ಲ. ಒಂದು ಸಲ ಅದಕ್ಕೆ ನೆಗಡಿ ಎಂದ, ಇನ್ನೊಂದು ಸಲ ಆಷಾಢ ಎಂದ, ಮತ್ತೊಂದು ಸಲ ಅದಕ್ಕೆ ಮನಸ್ಸು ಸರಿಯಿಲ್ಲ ಎಂದ. ಈಗ ಮಂಡಿ ಮತ್ತೆ ಹಿಡಿದುಕೊಂಡಿತ್ತು. ಅಮ್ಮ ಜ್ಞಾಪಿಸುತ್ತಿದ್ದಾಳೆ ಎಂದು ಹನುಮಂತಮ್ಮ ಈ ದಿನವನ್ನೇ ಗೊತ್ತು ಮಾಡಿ, ಅಮ್ಮನ ಪೂಜೆ ಮಾಡುವ ತಮ್ಮ ಮೈಲಾರಿಯನ್ನು ಕತ್ತಿ ಸಮೇತ ಕರೆಸಿದ್ದಳು.

ಒಳಗೆ ಬಂದ ಬೀರಲಿಂಗಯ್ಯ ಯಂತ್ರವನ್ನು ನೋಡಿ ನೆಲ ನೋಡಿದ.

"ಗೊತ್ತಿರೋ ದಾರೀಲಿ ಹೋಗಿ ಬಾ ತಾತ, ಇದು ಬರ್ಕೋತದೆ ಅಂದ್ಲು ಆ ತೋಟದ ಹುಡ್ಗಿ. ನಂಗೆಲ್ಲಿ ಗೊತ್ತೈತೆ ದಾರಿ? ಮುಂದೆ ಹೋಗೋನು ಕರಿಯ, ಹಿಂದೆ ಹೋಗೋನು ನಾನು. ಗೊತ್ತಿರೋನ ಕೊರಳಿಗೇ ಕಟ್ದೆ."

"ಕರಿಯ ಅವರು ಎಲ್ಲಿದಾರೆ?" ಎಂದ ಜ್ಞಾನೇಶ್.

"ಹಿತ್ಲಲ್ಲಿ, ಮೇವು ಮೆಲುಕು ಹಾಕ್ತಾವ್ರೆ," ಎಂದಳು ಹನುಮಂತಮ್ಮ. "ಕೊಂಬೈತೆ, ಗುರುತು ಸಿಗ್ತದೆ."

"ಬಂಡೆ ಮೇಲೆ ಅರಳಿ ಚಿಗುರಿತ್ತು ಕಣಪ್ಪ," ಎಂದ ಬೀರಲಿಂಗಯ್ಯ ತಪ್ಪೊಪ್ಪಿಕೊಳ್ಳುವವನಂತೆ. "ನಿಧಾನಕ್ಕೆ ತಿಂದ. ಈ ಅಡುಗೆಮನೆಗೆ ದಿನಾ ಸಂಜೆ ಬತ್ತಾನೆ, ಅಕ್ಕಚ್ಚು ಕುಡಿಯೋಕೆ."

ಜ್ಞಾನೇಶ್ ಸೈಕಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ಆದ್ರೂ ಗೆರೆ ಅಂದ್ಮೇಲೆ ಗೆರೆ," ಎಂದ. "ಪೂರ್ತಿ ಮಾಡ್ಲೇಬೇಕು."

ಒಬ್ಬೊಬ್ಬರಾಗಿ ಅಡುಗೆಮನೆ ಹೊಕ್ಕು, ಗೆರೆ ನಿಲ್ಲು ಎಂದ ಕಡೆ, ಅಂದರೆ ಅಕ್ಕಿ ತೊಳೆದ ನೀರಿನ ಮಡಕೆಯ ಪಕ್ಕ ನಿಂತರು. ಒಲೆ ತನಕ ಬಂದವರನ್ನು ಬರಿಗಂಟಲಲ್ಲಿ ಕಳಿಸುವುದುಂಟೇ? ಹನುಮಂತಮ್ಮ ಬೈದುಕೊಂಡೇ ಎದ್ದು, ಗೋಡೆ ಹಿಡಿದು ಕುಂಟುತ್ತ ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಹಿತ್ತಿಲಲ್ಲಿ ಮೈಲಾರಿ ಆಗಲೇ ಎರಡು ಸಲ ಬೇವಿನ ಸೊಪ್ಪಿನಿಂದ ಅರಿಶಿನದ ನೀರು ಚಿಮುಕಿಸಿ ಕಾಯುತ್ತಿದ್ದ. ನೀರು ಬಿದ್ದ ಪ್ರಾಣಿ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿಕೊಂಡಳು ಎಂದರ್ಥ. ಅಲ್ಲಿಯ ತನಕ ಕತ್ತಿ ಮುಟ್ಟುವಂತಿಲ್ಲ. ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಕರಿಯ ನೀರು ತೊಟ್ಟಿಕ್ಕಿಸುತ್ತ ಸುಮ್ಮನೆ ನಿಂತಿದ್ದ.

ಅಷ್ಟರಲ್ಲಿ ಸೈಕಲ್ಲಿನವರು ಇಳಿದು ಬಂದರು. ಗೆರೆ ತೆಂಗಿನ ಮರದ ಸುತ್ತ ಮೂರು ಸುತ್ತು ಬಂದು ಅಲ್ಲೇ ಮುಗಿದಿತ್ತು. ಕಟ್ಟಿದ ಮೇಲೆ ಕರಿಯ ಹಗ್ಗ ಮರಕ್ಕೆ ಸುತ್ತಿಕೊಳ್ಳುವ ತನಕ ತಿರುಗುವುದು ದಿನದ ಅಭ್ಯಾಸ. ಯಂತ್ರ ಬಿಚ್ಚುವುದು ಬೀರಲಿಂಗಯ್ಯನಿಗೆ ಆಮೇಲೆ ನೆನಪಾಗಿತ್ತು. ಜ್ಞಾನೇಶ್ ಸೈಕಲ್ ಹತ್ತಿದ. ಎಲ್ಲರೂ ಹತ್ತಿದರು. ಮರ, ಮೇಕೆ ಎರಡನ್ನೂ ಬಳಸಿ ಎಲ್ಲರೂ ಮೂರು ಸುತ್ತು ಬಂದು, ಇಳಿದು, ಹೆಲ್ಮೆಟ್ಟು ತೆಗೆದು, ಏದುಸಿರು ಬಿಡುತ್ತ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತರು.

ಮೈಲಾರಿ ಬೇವಿನ ಸೊಪ್ಪು ಕೆಳಗಿಟ್ಟ.

"ಅಕ್ಕೋ, ಕೆಲ್ಸ ಕೆಡ್ತು."

"ಏನಾಯ್ತ್ಲಾ?" ಎನ್ನುತ್ತ ಹನುಮಂತಮ್ಮ ಹಿತ್ತಿಲಿಗೆ ಬಂದಳು.

"ಮೂರು ಸುತ್ತು ಬಂದ್ರು. ಬಲಸುತ್ತೇ. ಬೆಟ್ಟ ಹತ್ತಿ ಇಳ್ದು, ಮುಳ್ಳು ತರಚ್ಕೊಂಡು ಬಂದು, ತಲೆ ಬೇರೆ ಬಗ್ಗಿಸ್ತಾವ್ರೆ. ಪ್ರದಕ್ಷಿಣೆ ಹಾಕುಸ್ಕೊಂಡಿದ್ದನ್ನ ಕುಯ್ಯೋಕಾಯ್ತದಾ?"

"ಅದು ಹೋತ ಕಣ್ಲಾ."

"ಬೆಳಿಗ್ಗೆ ಹೋತ ಆಗಿತ್ತು. ಈಗ ಏನೋ ನಂಗೆ ಗೊತ್ತಿಲ್ಲ."

ಬೀರಲಿಂಗಯ್ಯ ಸೈಕಲ್ಲಿನವರ ಹಿಂದೆ ಸರಿದುಕೊಂಡ. ತಾನು ಒಂದು ಮಾತಾಡಿದರೂ ಎಲ್ಲ ಕೆಡುತ್ತದೆಂದು ಅವನಿಗೆ ಗೊತ್ತಿತ್ತು.

"ನನ್ನ ಮಂಡಿ?" ಎಂದಳು ಹನುಮಂತಮ್ಮ.

"ಬೂದುಗುಂಬಳಕಾಯಿ ಒಡ್ಯಾನ ಬುಡಕ್ಕ."

"ಅಮ್ಮ ಒಪ್ತಾಳಾ?"

"ಈ ಹೋತ ಬೇಕಿದ್ರೆ ಇಷ್ಟೊತ್ತಿಗೆ ಮೈ ಒದರ್ಸಿರೋಳು. ಒದರ್ನಿಲ್ಲ. ಬ್ಯಾಡ ಅಂತ ಅಲ್ವಾ?"

"ಮಸಾಲೆಗೆಲ್ಲ ಹುರಿದಿಟ್ಟಿದ್ದೀನಲ್ಲೋ."

"ಮೊಳಕೆ ಹುರುಳಿಕಾಳಿಗೆ ಹಾಕು."

ಹನುಮಂತಮ್ಮ ಗಂಡನ ಮುಖ ನೋಡಿದಳು. ನೋಡಿ ಬೇರೆ ಕಡೆ ತಿರುಗಿದಳು. "ಆಯ್ತು ಬುಡು," ಎಂದಳು. "ಸೈಕಲ್ಲೋರು ಎಲ್ರೂ ಉಂಡ್ಕೊಂಡೇ ಹೋಗ್ಬೇಕು. ಮಾಡಿದ್ದನ್ನ ಖಾಲಿ ಮಾಡೋರು ಯಾರು ಮತ್ತೆ?"

ಜ್ಞಾನೇಶ್ ಚೀಲದಿಂದ ಶಾಲು ತೆಗೆದ. "ಯಾರಿಗೆ ಹೊದಿಸ್ಲಿ ತಾತ?"

ಬೀರಲಿಂಗಯ್ಯ ಗಲ್ಲದಲ್ಲೇ ಕರಿಯನನ್ನು ತೋರಿಸಿದ.

ಒದ್ದೆ ಬೆನ್ನಿಗೆ ಶಾಲು ತಗುಲಿದ್ದೇ ಕರಿಯ ಕೊಂಬಿನಿಂದ ಬಾಲದ ತನಕ ಜಾಡಿಸಿ ಮೈ ಒದರಿದ. ಶಾಲು ಒಂದು ಕಡೆ, ಹಾರ ಒಂದು ಕಡೆ ಹಾರಿ, ಅರಿಶಿನದ ನೀರು ಎಲ್ಲರ ಮುಖಕ್ಕೂ ಸಿಡಿಯಿತು. ಬೀರಲಿಂಗಯ್ಯನ ಕಣ್ಣು ಮೈಲಾರಿಯ ಕತ್ತಿಗೆ ಹೋಯಿತು. ಮೈಲಾರಿ ಕತ್ತೆತ್ತಿ ತೆಂಗಿನ ಗೊನೆಗಳನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಹನುಮಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಗೋಡೆ ಹಿಡಿಯದೆ, ಅಕ್ಕಚ್ಚಿನ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕರಿಯನ ಮುಂದೆ ಇಟ್ಟಳು.