ಸರ್ಜ್ಯಾನ ಕಣ್ಣು

ಮೆಹರಾಜಬೇಗಂ ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಶಂಕರಲಿಂಗನಿಗೆ ಮೊದಲು ಕಂಡದ್ದು ಎತ್ತಲ್ಲ, ಎತ್ತಿನ ಕಣ್ಣು. ಬಿಳಿ ಎತ್ತು ನೆಟ್ಟಗೆ ಎದುರಿಗೆ ಮುಖ ಮಾಡಿ ನಿಂತಿತ್ತು. ಕೊರಳ ಕೆಳಗೆ ಜೋತ ಗಂಗೆದೊಗಲಿನ ಮಡಿಕೆ, ಮೂಗಿನ ಮೇಲಿನ ತೇವ, ನೊಗ ಉಜ್ಜಿ ಉಜ್ಜಿ ಗಂಟುಗಟ್ಟಿದ ಹೆಗಲು, ಎಲ್ಲಾ ಕೈಚಾಚಿದರೆ ಸಿಗುವ ಹಾಗಿದ್ದವು. ಆದರೆ ಅವನ ನೋಟ ಮತ್ತೆ ಮತ್ತೆ ಕಣ್ಣಿಗೇ ಹೋಗಿ ನಿಲ್ಲುತ್ತಿತ್ತು. ಎಲ್ಲೋ ನೋಡಿದ ಕಣ್ಣು. ಎಲ್ಲಿ ಅಂತ ಹೊಳೆಯಲಿಲ್ಲ.

"ಹೇಳ್ರಿ ಕಾಕಾ, ಹ್ಯಾಂಗ ಆಗ್ಯಾದ?"

"ಛಲೋ ಆಗ್ಯಾದವಾ."

"ನೀವು ಎಲ್ಲಾರಿಗೂ ಹಿಂಗೇ ಅಂತೀರಿ. ಛಲೋ ಅನ್ನಿಸ್ಕೊಳ್ಳಾಕ ನಿಮ್ಮನ್ನ ಆಳಂದದಿಂದ ಇಲ್ಲೀತನಕ ಕರಸ್ಲಿಲ್ರಿ."

ಅವಳು ಅಫಜಲಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವವಳು. ಇನ್ನು ಇಪ್ಪತ್ತು ದಿನಕ್ಕೆ ಕಲಬುರಗಿಯಲ್ಲಿ ಚಿತ್ರಗಳ ಪ್ರದರ್ಶನವಿತ್ತು. ಶಂಕರಲಿಂಗ ಆಳಂದದ ಬಸ್ ಸ್ಟ್ಯಾಂಡಿನ ಎದುರು ನಲವತ್ತು ವರ್ಷ ಬೋರ್ಡು ಬರೆದವನು. ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಗೌಸಮೊಹಿದ್ದೀನನ ಮಗಳು ಈಕೆ. ಬ್ರಶ್ ಹಿಡಿಯುವುದನ್ನು ಕಲಿತದ್ದು ಶಂಕರಲಿಂಗನ ಬಣ್ಣದ ಡಬ್ಬಿಗಳ ನಡುವೆ ಕೂತೇ. ಗೌಸ ಕಳೆದ ಮಳೆಗಾಲದ ಆರಂಭದಲ್ಲಿ ತೀರಿಕೊಂಡಿದ್ದ.

ಛಲೋ ಅನ್ನುವ ಚಟ ಶಂಕರಲಿಂಗನಿಗೆ ಸುಮ್ಮನೆ ಅಂಟಿದ್ದಲ್ಲ. ಹಿಂದೊಮ್ಮೆ ಹಿರೋಳ್ಳಿಯ ಪಾಂಡುರಂಗ ಅನ್ನುವ ಗೆಳೆಯ ಕುದುರೆಯ ಚಿತ್ರ ಬರೆದು ತಂದಿದ್ದ. "ಕುದ್ರಿ ಅಲ್ಲೋ ಇದು, ನಾಕು ಕಾಲಿನ ಹೊರಸು, ಹಾಸಿಗಿ ಹಾಸು," ಅಂತ ಶಂಕರಲಿಂಗ ನಾಲ್ಕು ಜನರ ಮುಂದೆ ನಕ್ಕುಬಿಟ್ಟ. ಪಾಂಡುರಂಗನೂ ನಕ್ಕ. ಆಮೇಲೆ ಅವನು ಬ್ರಶ್ ಮುಟ್ಟಲಿಲ್ಲ. ಆವತ್ತಿನಿಂದ ಶಂಕರಲಿಂಗನಿಗೆ ಎಲ್ಲರ ಚಿತ್ರವೂ ಛಲೋ.

ಈ ಹುಡುಗಿ ಮಾತ್ರ ಬಿಡುವ ಹಾಗೆ ಕಾಣಲಿಲ್ಲ.

"ಎತ್ತು ಎಲ್ಲಿ ಅದ?" ಅಂತ ಕೇಳಿದ.

"ಹವಳಗಾದಾಗ. ಕಬ್ಬಿನ ಬಂಡಿ ಪಾಳ್ಯಾಗ."

"ನಡಿ. ಮೊದ್ಲು ಅದನ್ನ ನೋಡೂನು."

ಸಕ್ಕರೆ ಕಾರ್ಖಾನೆಯ ರಸ್ತೆಯುದ್ದಕ್ಕೂ ಕಬ್ಬಿನ ಬಂಡಿಗಳು ಪಾಳಿ ಹಚ್ಚಿ ನಿಂತಿದ್ದವು. ಕುದಿಯುವ ಕಬ್ಬಿನ ಹಾಲಿನ ಸಿಹಿ ವಾಸನೆ ಗಾಳಿಯಲ್ಲಿ ಎಷ್ಟು ದಟ್ಟವಾಗಿತ್ತೆಂದರೆ ಉಸಿರು ಎಳೆದುಕೊಂಡರೆ ನಾಲಿಗೆಗೆ ಅಂಟುತ್ತಿತ್ತು. ಮಧ್ಯಾಹ್ನದ ಬಿಸಿಲು, ಹೊಗೆ, ಧೂಳು ಬೆರೆತು ಬಂಡಿಗಳೆಲ್ಲ ನೆಲಬಿಟ್ಟು ತುಸು ಮೇಲೆ ತೇಲುವಂತಿದ್ದವು. ನೊಗ ಕಳಚಿ ಗಾಲಿಗೆ ಕಟ್ಟಿದ ಎತ್ತುಗಳು ನಿಂತಲ್ಲೇ ಮೆಲುಕು ಹಾಕುತ್ತಿದ್ದವು. ಎಲ್ಲೋ ಒಂದು ಕೊರಳಗಂಟೆ ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು.

"ಬರ್ರಿ ಬಾಯಾರ," ಅಂತ ಟೀಚರಮ್ಮನನ್ನು ಕರೆದಳು ಬಂಡಿಯ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕೂತಿದ್ದ ಗಂಗಾಬಾಯಿ. ಎತ್ತು ಅವಳದು. ಹೆಸರು ಸರ್ಜ್ಯಾ. "ಚಿತ್ರ ಇನ್ನೂ ಮುಗಿದಿಲ್ಲೇನ್ರಿ?"

ಶಂಕರಲಿಂಗ ಗಾಲಿಗೆ ಬೆನ್ನು ಕೊಟ್ಟು ಕೂತ. ಸರ್ಜ್ಯಾನನ್ನು ನೋಡುತ್ತಲೇ ಇದ್ದ. ಎತ್ತಿನ ರೆಪ್ಪೆ ಇಳಿಯಿತು, ಅವನ ರೆಪ್ಪೆಯೂ ಇಳಿಯಿತು. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತಿನಲ್ಲಿ ಅವನಿಗೆ ತನ್ನ ಮುಖ ಉದ್ದವಾದಂತೆ, ಕಣ್ಣೆರಡೂ ಕಪಾಳದ ಕಡೆ ಸರಿದಂತೆ ಅನಿಸಿತು. ಎಡಕ್ಕೊಂದು ರಸ್ತೆ, ಬಲಕ್ಕೊಂದು ಹೊಲ, ಎರಡೂ ನೀರಿನಂತೆ ಮೆಲ್ಲಗೆ ಹಿಂದಕ್ಕೆ ಹರಿಯುತ್ತಿದ್ದವು. ಎದುರಿಗೆ ಮೂಗಿನ ತುದಿಯಲ್ಲಿ ಏನೂ ಇರಲಿಲ್ಲ. ಯಾವ ಚಿಂತೆಯೂ ಇರಲಿಲ್ಲ. ಆ ಮೌನದೊಳಗೆ ನೂರಾರು ಗಡಿಯಾರ ಟಿಕ್ ಟಿಕ್ ಅನ್ನತೊಡಗಿದವು. ಗೌಸ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದ. ಅದನ್ನು ತೆಗೆದು ತಲೆಯೆತ್ತಿ ಅವನನ್ನೇ ನೋಡಿದ.

ಶಂಕರಲಿಂಗ ಎಚ್ಚೆತ್ತ. ಕಣ್ಣು ಯಾರದೆಂದು ಗೊತ್ತಾಗಿತ್ತು.

ಹೇಳಬೇಕೋ ಬೇಡವೋ ಅಂತ ಬಹಳ ಹೊತ್ತು ಕೂತ. ಕಡೆಗೆ ಎದ್ದು ಅವಳನ್ನು ಎತ್ತಿನ ಹತ್ತಿರ ಕರೆದ.

"ಮೊದ್ಲು ಒಂದು ಮಾತು. ನಿನ್ನ ಚಿತ್ರದಾಗ ಆ ಹೆಗಲಿನ ಗಂಟು ಅದ ನೋಡು, ನಲವತ್ತು ವರ್ಷದಾಗ ನಾ ಅಂಥಾದ್ದು ಒಂದೂ ಬರ್ದಿಲ್ಲ. ಅದು ಖರೆ ಛಲೋ. ಈಗ ಇಲ್ಲಿ ನೋಡು, ಕಣ್ಣಾಗಿನ ಪಾಪಿ. ದುಂಡಗ ಅದ ಏನು?"

ಮೆಹರಾಜ ಬಗ್ಗಿ ನೋಡಿದಳು. ಬಿಸಿಲಿಗೆ ಎತ್ತಿನ ಪಾಪೆ ಕಿರಿದಾಗಿ ಅಡ್ಡಗೆರೆಯಂತಾಗಿತ್ತು.

"ಇಲ್ರಿ. ಅಡ್ಡ ಅದ."

"ನೀ ದುಂಡಗ ಬರ್ದಿ. ಇದು ಮಗ್ಗಲಕ್ಕ ನೋಡತದ, ನೀ ಎದುರಿಗೆ ನೋಡಸೀದಿ. ಅದು ಮನಷ್ಯಾನ ಕಣ್ಣವಾ. ಮುಂಜಾನಿಂದ ನಾ ಯಾರದು ಅಂತ ಹುಡಕಾಕತ್ತಿದ್ದೆ." ಎತ್ತಿನ ಹಣೆ ಸವರಿ ಹೇಳಿದ, "ನಿಮ್ಮಪ್ಪಂದು."

ಅವಳು ರಸ್ತೆ ದಾಟಿ ಆಚೆ ಹೊಲದ ಬದುವಿನ ಮೇಲೆ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಪಾಂಡುರಂಗನ ಹಾಗೆ ಮತ್ತೊಬ್ಬರ ಕೈಯಿಂದ ಬ್ರಶ್ ಕಸಿದುಕೊಂಡೆನೇನೋ ಅಂತ ಶಂಕರಲಿಂಗನಿಗೆ ಅನಿಸಿತು. ಗಂಗಾಬಾಯಿ ಅರ್ಧ ರೊಟ್ಟಿ ಮುರಿದು ಅವನ ಕೈಗಿಟ್ಟಳು. ತಿನ್ನಲಿಕ್ಕಾಗಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಮೆಹರಾಜ ತಿರುಗಿ ಬಂದಳು. ಕಣ್ಣುಗಳು ಕೆಂಪಾಗಿದ್ದವು.

"ಕಡೀ ಎಂಟು ದಿನ ಅಬ್ಬಾಗ ಮಾತು ನಿಂತಿತ್ರಿ. ಬರೇ ನನ್ನ ನೋಡ್ತಿದ್ರು. ಏನು ಹೇಳೂದಿತ್ತೋ ಏನೋ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಗೊತ್ತೇ ಆಗ್ಲಿಲ್ಲ ನೋಡ್ರಿ, ಕೈ ಅದನ್ನೇ ಬರ್ದದ. ಅಳಸ್ಲೇನು?"

"ಅಳಸಬ್ಯಾಡ. ನಿನಗ ಆ ಚಿತ್ರ ಬೇಕು. ಮಂದಿಗೆ ಅದು ಅಳೂ ಎತ್ತು ಅನಿಸ್ತದ, ಅಷ್ಟೇ. ಸರ್ಜ್ಯಾ ಅದರಾಗ ಇನ್ನೂ ಬಂದಿಲ್ಲ. ಅದಕ್ಕ ಬ್ಯಾರೆ ಒಂದು ಬರಿ."

"ಇಪ್ಪತ್ತೇ ದಿನ ಉಳದಾವ್ರಿ!" ಅಂತ ಸಿಟ್ಟಿನಿಂದಲೇ ಅಂದಳು. ಆದರೆ ಚೀಲದಿಂದ ನೋಟ್‌ಬುಕ್ ತೆಗೆದು ಗಾಲಿಯ ಪಕ್ಕ ಕೂತಳು.

"ಈಗ ಬ್ಯಾಡ್ರಿ ಬಾಯಾರ, ಅದಕ್ಕ ನಿದ್ದಿ ಬಂದದ," ಅಂದಳು ಗಂಗಾಬಾಯಿ.

"ನಿದ್ದೀನೇ ಬರೀತೇನಿ ತಗೋ."

ಹನ್ನೆರಡು ದಿನ ಶಾಲೆ ಬಿಟ್ಟೊಡನೆ ಅವಳು ಹವಳಗಾಕ್ಕೆ ಹೋದಳು. ಮೊದಲಿನ ಚಿತ್ರವನ್ನು ತಂದೆ ಮಲಗುತ್ತಿದ್ದ ಕೋಣೆಯಲ್ಲಿ ತೂಗುಹಾಕಿದಳು. ಹದಿಮೂರನೆಯ ದಿನ ಶಂಕರಲಿಂಗ ಮತ್ತೆ ಆಳಂದದಿಂದ ಬಸ್ಸು ಹತ್ತಿ ಬಂದ. ಹೊಸ ಚಿತ್ರದಲ್ಲಿ ಸರ್ಜ್ಯಾ ಮಗ್ಗುಲಾಗಿ ನಿಂತಿತ್ತು. ರೆಪ್ಪೆ ಮುಕ್ಕಾಲು ಇಳಿದು, ಕಿವಿ ಜೋತು, ಬಾಯಲ್ಲಿ ಅರ್ಧ ಮೆಲುಕು. ಯಾರನ್ನೂ ನೋಡುತ್ತಿರಲಿಲ್ಲ.

ಅವನು ಅತ್ತ ಇತ್ತ ಬಗ್ಗಿ ನೋಡಿ, "ಬಾಲ ಇನ್ನೂ ಮಲಗಿಲ್ಲವಾ," ಅಂದ.

ಮೆಹರಾಜ ನೋಡಿದಳು. ಬಾಲದ ಕುಚ್ಚು ನೊಣ ಹೊಡೆಯುವ ಹಾಗೆ ಬಿಗಿಯಾಗಿತ್ತು. ನಕ್ಕು, ಕೆಳಗೆ ಕೂತು, ಸಣ್ಣ ಬ್ರಶ್ಶಿನಿಂದ ಬಾಲವನ್ನೂ ಮಲಗಿಸಿದಳು.

ಕಲಬುರಗಿಯಲ್ಲಿ ಅದಕ್ಕೆ ಬಹುಮಾನವೇನೂ ಬರಲಿಲ್ಲ. ಆದರೆ ಮೂರು ದಿನವೂ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಶಂಕರಲಿಂಗ ಒಂದನ್ನು ಗಮನಿಸಿದ. ಜೋರಾಗಿ ಮಾತಾಡುತ್ತ ಒಳಗೆ ಬಂದವರು ಆ ಚಿತ್ರದ ಮುಂದೆ ಬರುವಷ್ಟರಲ್ಲಿ ತಮಗೇ ತಿಳಿಯದೆ ದನಿ ತಗ್ಗಿಸುತ್ತಿದ್ದರು.