ಚೆಂಡಿನ ಮೇಲಿನ ಚುಕ್ಕೆ

ಗಂಡ ತೀರಿಕೊಂಡ ದುಃಖ ಹಿರಿಯಳಿಗೆ ಒಂದಾದರೆ, ವಾರಗಿತ್ತಿ ಅಳುವುದನ್ನು ನೋಡುವ ಸಂಕಟ ಇನ್ನೊಂದು. ಆತ ಗಾಲ್ಫ್ ಮೈದಾನದ ಕೊಳಕ್ಕೆ ಬಿದ್ದ ಚೆಂಡುಗಳನ್ನು ತಂದು, ಚೊಕ್ಕಟ ಮಾಡಿ, ಮತ್ತೆ ಆಟಕ್ಕೆ ಮಾರುತ್ತಿದ್ದ. ಅಡುಗೆಮನೆಯ ಪಕ್ಕದ ಕೋಣೆಯೇ ಅವನ ಕಾರ್ಖಾನೆ. ಅಲ್ಲಿ ಅವನ ಜೊತೆ ಕುಳಿತು ಕೆಲಸ ಕಲಿತವಳು ಹೆಂಡತಿಯಲ್ಲ, ತಮ್ಮನ ಹೆಂಡತಿ.

ಸಮಾಧಾನ ಹೇಳಲು ಬಂದವರೂ ಆ ಚಿಕ್ಕವಳನ್ನೇ ಸುತ್ತಿಕೊಂಡರು. ಚೆಂಡಿನ ಒಳಗೇನಿರುತ್ತದೆ ಎಂದು ಯಾರೋ ಕೇಳಿದರು.

"ಒಳಗೆ ರಬ್ಬರಿನ ಗುಂಡು, ಮೇಲೆ ತೆಳ್ಳಗೆ ಗಟ್ಟಿ ಪ್ಲಾಸ್ಟಿಕ್. ಸಿಪ್ಪೆ ಸೀಳಿದ್ರೆ ಆಟಕ್ಕೆ ಬರಲ್ಲ, ಕತ್ತರಿಸಿ ಡ್ರಾಯರಿಗೆ ಹಿಡಿ ಮಾಡ್ತಿದ್ರು ಭಾವ. ಬಹಳ ದಿನ ನೀರಲ್ಲಿದ್ದದ್ದು ಸರಿಯಾಗಿ ಪುಟಿಯಲ್ಲ."

"ಭಾವನಂತೆ, ಭಾವ," ಎಂದು ಹಿರಿಯಳು ಲೋಟ ತೊಳೆಯುತ್ತ ಗೊಣಗಿದಳು.

ಆತ ತಂದ ಕೊನೆಯ ಬುಟ್ಟಿ ಮೂಲೆಯಲ್ಲಿತ್ತು. "ನಾಳೆ ನಾನು ನೋಡ್ತೀನಿ ಅಕ್ಕ, ನೀವು ಮುಟ್ಟಬೇಡಿ," ಎಂದು ಹೇಳಿ ಚಿಕ್ಕವಳು ತನ್ನ ಮನೆಗೆ ಹೋದಳು.

ಆ ಮಾತು ಹಿರಿಯಳ ಹೊಟ್ಟೆಗೆ ಕಿಚ್ಚಿಟ್ಟಿತು. ನನ್ನ ಗಂಡನ ಬುಟ್ಟಿ ಮುಟ್ಟಲು ಇವಳ ಅಪ್ಪಣೆ ಬೇಕೇ? ಬೆಳಿಗ್ಗೆ ಪ್ರಾರ್ಥನೆಗೆ ಕುಳಿತರೂ ಮನಸ್ಸು ದೇವರಲ್ಲಿ ನಿಲ್ಲಲಿಲ್ಲ. ಅರ್ಧಕ್ಕೇ ಎದ್ದು, ಬಿಸಿನೀರಿನಲ್ಲಿ ಒಂದೊಂದು ಚೆಂಡನ್ನೂ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಕೆಲವಕ್ಕೆ ನೀಲಿ ಚುಕ್ಕೆ, ಕೆಲವಕ್ಕೆ ಕೆಂಪು. ಕೊಳೆಯೆಂದು ಅವನ್ನೂ ಬಿಡಲಿಲ್ಲ.

ಚಿಕ್ಕವಳು ಬಂದು ಬುಟ್ಟಿ ನೋಡಿ ಅಲ್ಲೇ ಕುಳಿತುಬಿಟ್ಟಳು.

"ಚುಕ್ಕೆ ಎಲ್ಲಿ ಅಕ್ಕ?"

"ಕೊಳೆ ಹೋಯ್ತು. ನಿನಗೊಬ್ಬಳಿಗೇ ಕೈ ಇರೋದೇನೆ?"

"ಅದು ಭಾವ ಹಾಕಿದ ಗುರುತು. ನೀಲಿ ಚೆನ್ನಾಗಿ ಪುಟಿಯೋದು, ಕೆಂಪು ಪುಟಿಯದೇ ಇರೋದು. ಜ್ವರದಲ್ಲೇ ಕೂತು ಹಾಕಿದ್ರು."

ಹಿರಿಯಳು ಒಂದು ಚೆಂಡನ್ನೆತ್ತಿ ತಿರುಗಿಸಿ ನೋಡಿದಳು. ಗಂಡನ ಕೈಯ ಕೊನೆಯ ಗುರುತನ್ನು ತನ್ನ ಕೈಯೇ ತೊಳೆದಿತ್ತು. ಆದರೂ, ಇವಳಿಗೆ ಗೊತ್ತಿದ್ದದ್ದು ತನಗೆ ಗೊತ್ತಿರಲಿಲ್ಲವಲ್ಲ ಎಂಬುದೇ ಹೆಚ್ಚು ಚುಚ್ಚಿತು.

"ಇನ್ನೇನು ಮಾಡ್ತೀಯ?"

"ಮೊದಲಿಂದ ಕಲ್ಲಿನ ಮೇಲೆ ಬೀಳಿಸಿ ನೋಡ್ಬೇಕು. ಕೂತ್ಕೊಳ್ಳಿ, ತೋರಿಸ್ತೀನಿ."

"ನಿನ್ನ ಹತ್ರ ಕಲಿಯೋ ಗತಿ ನನಗಿನ್ನೂ ಬಂದಿಲ್ಲ," ಎಂದು ಅಡುಗೆಮನೆಗೆ ಹೋಗಿ ಕುಳಿತಳು.

ಗೋಡೆಯಾಚೆ ಚೆಂಡು ಟಕ್ಕೆಂದು ಬಿತ್ತು, ಪುಟಿಯಿತು, ಮತ್ತೆ ಸಣ್ಣಗೆ ಬಿತ್ತು. ಹಿರಿಯಳು ಕಿವಿಗೊಟ್ಟಳು. ಒಲೆಯ ಮುಂದೆ ಎಷ್ಟೋ ವರ್ಷ ಕೇಳಿದ ಸದ್ದು. ಗೋಡೆಯ ಈಚೆ ಇದ್ದು ಅದನ್ನು ಕೇಳಿದವಳು ತಾನೊಬ್ಬಳೇ. ಅವನ ಪಕ್ಕದಲ್ಲಿ ಕುಳಿತವಳಿಗೆ ಇದು ಸಿಕ್ಕಿರಲಿಲ್ಲ.

"ಅಕ್ಕ, ಬರ್ತೀರಾ?"

"ಬರಲ್ಲ. ನೀನು ಬೀಳಿಸ್ತಾ ಇರು," ಎಂದಳು. ಮತ್ತೆ ಗೋಡೆಯತ್ತ ತಿರುಗಿ, "ನಿಧಾನಕ್ಕೆ ಬೀಳಿಸು. ನಿನ್ನ ಭಾವ ಇಷ್ಟು ಅವಸರ ಮಾಡ್ತಿರಲಿಲ್ಲ," ಎಂದಳು.